ಭವಿಷ್ಯನಿಧಿ: ಭವಿಷ್ಯ ಯಾರದು, ನಿಧಿ ಯಾರದು?

ಪ್ರಾವಿಡೆಂಟ್ ಫಂಡಿಗೆ ಕನ್ನಡದಲ್ಲಿ ‘ಭವಿಷ್ಯನಿಧಿ’ ಎಂಬ ಸೊಗಸಾದ ಹೆಸರಿದೆ. ಕಚೇರಿಯ ಕಾಗದಪತ್ರಗಳನ್ನು ಬಿಟ್ಟರೆ ಅದನ್ನು ಬಳಸುವವರು ಕಡಿಮೆ. ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಗಳಿಂದ ಹಿಡಿದು ದೊಡ್ಡ ಕಂಪನಿಯ ಅಧಿಕಾರಿಯವರೆಗೆ ಎಲ್ಲರ ಬಾಯಲ್ಲೂ ಅದು ‘ಪಿ.ಎಫ್.’ ಮಾತ್ರ. ಈ ಎರಡಕ್ಷರ 2016ರ ಏಪ್ರಿಲ್ ತಿಂಗಳಲ್ಲಿ ಎರಡು ದಿನ ಬೆಂಗಳೂರನ್ನು ನಿಲ್ಲಿಸಿಬಿಟ್ಟಿತ್ತು.

ಏಪ್ರಿಲ್ 18ರಂದು ಬೊಮ್ಮನಹಳ್ಳಿಯ ಕಡೆ ಕಾರ್ಖಾನೆಗಳಿಂದ ಹೊರಬಂದ ಕಾರ್ಮಿಕರು ಹೊಸೂರು ರಸ್ತೆಯಲ್ಲಿ ಕುಳಿತರು. ಅವರಲ್ಲಿ ಹೆಚ್ಚಿನವರು ಹೆಂಗಸರು. ಮರುದಿನ ತುಮಕೂರು ರಸ್ತೆಗೂ ಕಿಚ್ಚು ಹಬ್ಬಿತು. ಬಸ್ಸುಗಳಿಗೆ ಬೆಂಕಿ ಬಿತ್ತು, ಹೆಬ್ಬಗೋಡಿ ಪೊಲೀಸ್ ಠಾಣೆಯ ಮುಂದಿದ್ದ ವಾಹನಗಳು ಸುಟ್ಟವು, ಲಾಠಿ ಬೀಸಿತು, ಅಶ್ರುವಾಯು ಸಿಡಿಯಿತು. ಈ ಚಳವಳಿಗೆ ಕರೆ ಕೊಟ್ಟ ಪಕ್ಷವಿರಲಿಲ್ಲ, ಮುಂದೆ ನಿಂತ ನಾಯಕರೂ ಇರಲಿಲ್ಲ. ಕಾರ್ಮಿಕ ಸಂಘಗಳ ಮುಖಂಡರೇ ಸುದ್ದಿ ಕೇಳಿ ಓಡಿಬಂದವರು. ದಿನಕ್ಕೆ ಇಷ್ಟು ಅಂಗಿ ಎಂದು ಲೆಕ್ಕ ಹಾಕಿಸಿಕೊಂಡು, ಮೂತ್ರ ವಿಸರ್ಜನೆಗೆ ಹೋಗಲೂ ಮೇಲ್ವಿಚಾರಕನ ಮುಖ ನೋಡಬೇಕಾದ ಈ ಹೆಂಗಸರು ಇಷ್ಟೊಂದು ಸಿಟ್ಟನ್ನು ಎಲ್ಲಿ ಇಟ್ಟುಕೊಂಡಿದ್ದರೆಂದು ನಗರವೇ ಬೆರಗಾಯಿತು. ಏಪ್ರಿಲ್ 19ರಂದು ಕೇಂದ್ರದ ಅಂದಿನ ಕಾರ್ಮಿಕ ಸಚಿವ ಬಂಡಾರು ದತ್ತಾತ್ರೇಯ ಅವರು ವಿವಾದದ ಆದೇಶವನ್ನು ಮೊದಲು ಜುಲೈ 31ರವರೆಗೆ ಮುಂದೂಡಿದರು. ಅದು ಸಾಲದಾದಾಗ ಸಂಜೆಯೊಳಗೆ ಪೂರ್ತಿ ರದ್ದುಪಡಿಸಿದರು.

ಆ ಆದೇಶದಲ್ಲಿ ಏನಿತ್ತು? ಅದನ್ನು ತಿಳಿಯಲು ಪಿ.ಎಫ್.ನ ಒಳಗುಟ್ಟನ್ನು ಸ್ವಲ್ಪ ಬಿಡಿಸಬೇಕು.

ಕಾರ್ಮಿಕಳೊಬ್ಬಳ ಸಂಬಳ, ಪಿ.ಎಫ್. ಲೆಕ್ಕಕ್ಕೆ ಬರುವಷ್ಟು, ತಿಂಗಳಿಗೆ 7,000 ರೂ. ಎಂದಿಟ್ಟುಕೊಳ್ಳೋಣ. ಅದರಲ್ಲಿ ಶೇ. 12, ಅಂದರೆ 840 ರೂ., ಕೈಗೆ ಬರುವ ಮುನ್ನವೇ ಕಡಿತವಾಗುತ್ತದೆ. ಮಾಲೀಕನೂ ಅಷ್ಟೇ ಕಟ್ಟಬೇಕು. ಆದರೆ ಮಾಲೀಕನ 840 ರೂಪಾಯಿ ಇಡಿಯಾಗಿ ಅವಳ ಖಾತೆಗೆ ಬೀಳುವುದಿಲ್ಲ. ಸಂಬಳದ ಶೇ. 8.33ರಷ್ಟು, ಎಂದರೆ 583 ರೂ., 1995ರ ಪಿಂಚಣಿ ಯೋಜನೆಗೆ ಹೋಗುತ್ತದೆ. ಮಿಕ್ಕ 257 ರೂ. ಮಾತ್ರ ಅವಳ ಪಿ.ಎಫ್. ಖಾತೆಗೆ. ಮೂರು ವರ್ಷ ದುಡಿದರೆ ಅವಳ ಸ್ವಂತ ಕಂತು 30,240 ರೂ., ಮಾಲೀಕನ ಕಂತು 9,252 ರೂ., ಇದರ ಮೇಲೆ ಬಡ್ಡಿ.

ಅಲ್ಲಿಯವರೆಗಿದ್ದ ನಿಯಮದ ಪ್ರಕಾರ ಕೆಲಸ ಬಿಟ್ಟು ಎರಡು ತಿಂಗಳು ಕಳೆದರೆ ಎಲ್ಲವನ್ನೂ ಬಿಡಿಸಿಕೊಳ್ಳಬಹುದಿತ್ತು. 2016ರ ಫೆಬ್ರವರಿ 10ರ ಅಧಿಸೂಚನೆ ಇದನ್ನು ಬದಲಿಸಿತು. ನಿನ್ನ ಕಂತು, ಅದರ ಬಡ್ಡಿ ಈಗ ತೆಗೆದುಕೋ. ಮಾಲೀಕನ ಕಂತು 58 ವರ್ಷ ತುಂಬಿದ ಮೇಲೆ, ಎಂದಿತು. ನಮ್ಮ ಲೆಕ್ಕದ ಕಾರ್ಮಿಕಳಿಗೆ ತಡೆಯಾಗುತ್ತಿದ್ದುದು ಒಂಬತ್ತು ಸಾವಿರ ಚಿಲ್ಲರೆ. ಇಷ್ಟಕ್ಕೆ ಬಸ್ಸು ಸುಡಬೇಕಿತ್ತೇ ಎಂದು ಕೇಳಿದವರಿದ್ದರು. ‘ಪಿ.ಎಫ್. ದುಡ್ಡನ್ನು ಇನ್ನು 58 ವರ್ಷದ ತನಕ ಕೊಡುವುದಿಲ್ಲವಂತೆ’ ಎಂಬ ಅರ್ಧ ಸುದ್ದಿಯೇ ಕಾರ್ಖಾನೆಯಿಂದ ಕಾರ್ಖಾನೆಗೆ ಓಡಿತೆಂಬುದೂ ನಿಜ. ಆದರೆ ಒಂಬತ್ತು ಸಾವಿರವೆಂದರೆ ಅವಳ ಒಂದೂಕಾಲು ತಿಂಗಳ ದುಡಿಮೆಗೂ ಹೆಚ್ಚು. ಅದೂ ಏಪ್ರಿಲ್ ತಿಂಗಳು. ಮೇ ಕಳೆದರೆ ಶಾಲೆ ತೆರೆಯುತ್ತದೆ, ಮದುವೆಗಳು ಇರುವುದೂ ಆಗಲೇ.

ದೆಹಲಿಯಲ್ಲಿ ಕುಳಿತು ನಿಯಮ ಬರೆದವರಿಗೆ ಪಿ.ಎಫ್. ಎಂದರೆ ಮುಪ್ಪಿನ ಊರುಗೋಲು. ಹೊಸೂರು ರಸ್ತೆಯಲ್ಲಿ ಕುಳಿತವರಿಗೆ ಅದು ಮಗಳ ಶಾಲೆಯ ಶುಲ್ಕ, ತಂಗಿಯ ಮದುವೆ, ಕೈಸಾಲದ ಬಡ್ಡಿಯಿಂದ ಬಿಡುಗಡೆ. ಬ್ಯಾಂಕು ಸಾಲ ಕೊಡದ ಮನೆಗಳಲ್ಲಿ ಇರುವ ಒಂದೇ ಗಂಟು ಅದು. ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ಬಗ್ಗಿ ಕೂತು ಬೆನ್ನು, ಕಣ್ಣು ಸವೆದ ಮೇಲೆ 58ರ ತನಕ ಆ ಕೆಲಸದಲ್ಲಿ ಉಳಿಯುವವರೇ ವಿರಳ. ‘ಭವಿಷ್ಯ’ ಎಂಬ ಒಂದೇ ಮಾತನ್ನು ಎರಡೂ ಕಡೆಯವರು ಬಳಸುತ್ತಿದ್ದರು; ಒಬ್ಬರ ಭವಿಷ್ಯ ಮೂವತ್ತು ವರ್ಷ ಆಚೆಗಿತ್ತು, ಇನ್ನೊಬ್ಬರದು ಜೂನ್ ತಿಂಗಳಲ್ಲಿತ್ತು.

ಆ ವರ್ಷ ಸರ್ಕಾರ ಪಿ.ಎಫ್. ವಿಷಯದಲ್ಲಿ ಹೆಜ್ಜೆ ಹಿಂದಿಟ್ಟದ್ದು ಒಮ್ಮೆಯಲ್ಲ, ಮೂರು ಬಾರಿ ಎಂಬುದು ಓದುಗರಲ್ಲಿ ಕೆಲವರಿಗೆ ನೆನಪಿರಬಹುದು. ಫೆಬ್ರವರಿ 29ರ ಬಜೆಟ್ಟಿನಲ್ಲಿ ಹಣಕಾಸು ಸಚಿವ ಅರುಣ್ ಜೇಟ್ಲಿ ಅವರು ಮುಂದೆ ಜಮೆಯಾಗುವ ಮೊತ್ತದ ಶೇ. 60ರಷ್ಟನ್ನು ಹಿಂತೆಗೆಯುವಾಗ ತೆರಿಗೆ ಎಂದರು. ಮಧ್ಯಮ ವರ್ಗ ಕೂಗೆಬ್ಬಿಸಿತು, ಮಾರ್ಚ್ 8ಕ್ಕೆ ಪ್ರಸ್ತಾವ ವಾಪಸಾಯಿತು. ಏಪ್ರಿಲ್ 19ರಂದು ಬೆಂಗಳೂರಿನ ಹೆಂಗಸರು ಎರಡನೆಯದನ್ನು ಹಿಂದಕ್ಕೆ ಕಳಿಸಿದರು. ಪಿ.ಎಫ್. ಮಂಡಳಿ ಶೇ. 8.8 ಬಡ್ಡಿ ಶಿಫಾರಸು ಮಾಡಿದ್ದರೆ ಹಣಕಾಸು ಇಲಾಖೆ ಅದನ್ನು 8.7ಕ್ಕೆ ಇಳಿಸಿತು. ಕಾರ್ಮಿಕ ಸಂಘಗಳು ತಿರುಗಿಬಿದ್ದವು, ಏಪ್ರಿಲ್ ಮುಗಿಯುವ ಮೊದಲೇ ಮತ್ತೆ 8.8 ಆಯಿತು. ತೆರಿಗೆಯ ವಿರುದ್ಧ ಕೂಗಿದವರಿಗೆ ಪತ್ರಿಕೆಯ ಅಂಕಣಗಳು, ಟಿ.ವಿ. ಚರ್ಚೆಗಳು ಇದ್ದವು. ಹೊಲಿಗೆಯವರಿಗೆ ಇದ್ದದ್ದು ರಸ್ತೆ ಮಾತ್ರ.

ಇನ್ನು ಸ್ವಲ್ಪ ಹಿಂದಕ್ಕೆ ಹೋಗೋಣ. ದುಡಿದವರನ್ನು, ಅವರ ಕುಟುಂಬವನ್ನು ಆಳುವವರು ಸಾಕಬೇಕೆಂಬ ಮಾತು ಹೊಸದಲ್ಲ. ಊರ ಕಾಳಗದಲ್ಲಿ, ತುರುಗೋಳಿನಲ್ಲಿ ಮಡಿದ ವೀರನ ಮನೆಯವರಿಗೆ ಭೂಮಿ ಬಿಟ್ಟುಕೊಟ್ಟದ್ದನ್ನು ನಮ್ಮ ಶಾಸನಗಳು ‘ನೆತ್ತರುಗೊಡಗೆ’ ಎನ್ನುತ್ತವೆ. ಇಂದಿನ ಭಾಷೆಯಲ್ಲಿ ಅದನ್ನು ಕುಟುಂಬ ಪಿಂಚಣಿ ಎನ್ನಲಡ್ಡಿಯಿಲ್ಲ. ಉಂಬಳಿ, ಇನಾಮುಗಳೂ ಇದೇ ಜಾತಿಯವು. ಬಳ್ಳಾರಿ ಸೀಮೆಗೆ ‘ಪಿಂಚಣಿ’ ಬಂದ ಕತೆ ಮಾತ್ರ ಬೇರೆ. 1800ರಲ್ಲಿ ಹೈದರಾಬಾದಿನ ನಿಜಾಮ ಈ ಭಾಗವನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ದತ್ತ ಮಂಡಲಗಳೆಂದು ಹೆಸರಾದ ಈ ಸೀಮೆಗೆ ಥಾಮಸ್ ಮನ್ರೋ 1807ರವರೆಗೆ ಪ್ರಧಾನ ಕಲೆಕ್ಟರ್ ಆಗಿದ್ದ. ಇಲ್ಲಿನ ಪಾಳೆಯಗಾರರ ಪಡೆಗಳನ್ನು ಕರಗಿಸಿ, ಬಗ್ಗದವರನ್ನು ಓಡಿಸಿ, ಹಲವರಿಗೆ ಪಿಂಚಣಿ ಗೊತ್ತುಮಾಡಿ ಮೂಲೆಗೆ ಕೂರಿಸಿದ. ಅದು ದುಡಿಮೆಗೆ ಸಂದ ಪ್ರತಿಫಲವಲ್ಲ. ಕತ್ತಿ ಕೆಳಗಿಟ್ಟು ಸುಮ್ಮನಿರುವುದಕ್ಕೆ ಕೊಟ್ಟ ಹಣ.

ಕೊಡುವವನ ಮರ್ಜಿಗೆ ಬಿಟ್ಟದ್ದು ಎಂಬ ಈ ಭಾವನೆ ಕಾನೂನಿನಲ್ಲೂ ಸೇರಿಕೊಂಡಿತು. ಸರ್ಕಾರ ಕೊಡುವ ಪಿಂಚಣಿಯ ಬಗ್ಗೆ ಸಿವಿಲ್ ನ್ಯಾಯಾಲಯಕ್ಕೆ ನೇರವಾಗಿ ದಾವೆ ಹೂಡುವಂತಿಲ್ಲ ಎಂದು 1871ರ ಪಿಂಚಣಿ ಕಾಯಿದೆ ಕಟ್ಟುಮಾಡಿತ್ತು. ಇದು ಬದಲಾಗಲು ನೂರು ವರ್ಷ ಬೇಕಾಯಿತು. 1971ರಲ್ಲಿ ದೇವಕಿನಂದನ ಪ್ರಸಾದ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಪಿಂಚಣಿಯನ್ನು ನೌಕರನ ಹಕ್ಕು ಎಂದಿತು. 1982ರ ಡಿಸೆಂಬರ್ 17ರಂದು ನಾಕರಾ ಮೊಕದ್ದಮೆಯ ತೀರ್ಪು ಬಂದಿತು. ಪಿಂಚಣಿ ಭಿಕ್ಷೆಯಲ್ಲ, ಸಲ್ಲಿಸಿದ ಸೇವೆಗೆ ಮುಂದೂಡಿ ಕೊಡುವ ಸಂಬಳ ಎಂಬ ಅರ್ಥದ ಆ ತೀರ್ಪನ್ನು ನಿವೃತ್ತರು ಇಂದಿಗೂ ಬಾಯಿಪಾಠ ಒಪ್ಪಿಸುತ್ತಾರೆ. ಡಿಸೆಂಬರ್ 17 ಅವರಿಗೆ ಪಿಂಚಣಿದಾರರ ದಿನ.

ಕಾರ್ಖಾನೆ ಕಾರ್ಮಿಕರ ದಾರಿ ಬೇರೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ ಅವರಿಗೆ ಪಿಂಚಣಿ ಕೊಡುವಷ್ಟು ಹಣ ಸರ್ಕಾರದಲ್ಲಿರಲಿಲ್ಲ. ಅವರೇ ಉಳಿಸಲಿ, ಮಾಲೀಕರೂ ಸೇರಿಸಲಿ ಎಂದು 1951ರ ನವೆಂಬರಿನಲ್ಲಿ ಸುಗ್ರೀವಾಜ್ಞೆ ಹೊರಡಿಸಿ, 1952ರಲ್ಲಿ ಅದನ್ನು ಕಾಯಿದೆ ಮಾಡಲಾಯಿತು. ಮೊದಲು ಸೇರಿದ್ದು ಸಿಮೆಂಟು, ಸಿಗರೇಟು, ಎಂಜಿನಿಯರಿಂಗ್, ಕಬ್ಬಿಣ ಮತ್ತು ಉಕ್ಕು, ಕಾಗದ, ಜವಳಿ ಎಂಬ ಆರು ಉದ್ಯಮಗಳು. ಇದು ಸಂಬಳದಾಚೆಗಿನ ಉಳಿತಾಯವೇ ಹೊರತು ತಿಂಗಳ ಪಿಂಚಣಿಯಲ್ಲ. ಪಿಂಚಣಿ ಬಂದದ್ದು 1995ರ ನವೆಂಬರ್ 16ರಿಂದ, ಅದೂ ಮಾಲೀಕನ ಕಂತಿನ ದೊಡ್ಡ ಪಾಲನ್ನು ಪಿ.ಎಫ್.ನಿಂದ ಅತ್ತ ತಿರುಗಿಸಿ. ನಮ್ಮ ಕೈಗೆ ಇಡಿಗಂಟಾಗಿ ಬರಬೇಕಾದದ್ದನ್ನು ತೆಗೆದು ನಮಗೇ ಚಿಲ್ಲರೆಯಾಗಿ ಕೊಡುತ್ತಾರೆಂದು ಆಗಲೇ ಗೊಣಗಿದವರಿದ್ದರು.

ಗೊಣಗಾಟದಲ್ಲಿ ಹುರುಳಿತ್ತೇ ಎಂಬುದನ್ನು ಲೆಕ್ಕವೇ ಹೇಳುತ್ತದೆ. ಆ ಯೋಜನೆಯಲ್ಲಿ ಪಿಂಚಣಿಗೆ ಗಣನೆಯಾಗುವ ಸಂಬಳವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸುತ್ತಾರೆ. 8,000 ರೂ. ಸಂಬಳದಲ್ಲಿ ಹತ್ತು ವರ್ಷ ದುಡಿದವಳಿಗೆ ತಿಂಗಳಿಗೆ 1,143 ರೂ. ಹತ್ತು ವರ್ಷ ತುಂಬದಿದ್ದರೆ ತಿಂಗಳ ಪಿಂಚಣಿಯೇ ಇಲ್ಲ. ಬೆಲೆ ಏರಿದಂತೆ ಏರುವ ತುಟ್ಟಿಭತ್ಯೆಯೂ ಇದಕ್ಕಿಲ್ಲ. ಕನಿಷ್ಠ ಪಿಂಚಣಿಯನ್ನು 2014ರ ಸೆಪ್ಟೆಂಬರಿನಲ್ಲಿ 1,000 ರೂ. ಎಂದು ನಿಗದಿ ಮಾಡಿದರು. ಅದನ್ನು 7,500ಕ್ಕೆ ಏರಿಸಿ ತುಟ್ಟಿಭತ್ಯೆ ಕೊಡಿ ಎಂದು ನಿವೃತ್ತ ಕಾರ್ಮಿಕರು ವರ್ಷಗಳಿಂದ ಧರಣಿ ಕೂರುತ್ತಿದ್ದಾರೆ. ನಮ್ಮ ಸಾರಿಗೆ ನಿಗಮಗಳ ನಿವೃತ್ತ ಚಾಲಕರು, ನಿರ್ವಾಹಕರು ಇದೇ ಯೋಜನೆಯ ಅಡಿಯಲ್ಲಿದ್ದಾರೆ. ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವರಿಗೆ ಸರ್ಕಾರಿ ಪಿಂಚಣಿ ಇಲ್ಲವೆಂಬುದು ಆ ಬಸ್ಸಿನಲ್ಲಿ ದಿನಾ ಓಡಾಡುವ ಎಷ್ಟೋ ಮಂದಿಗೆ ಗೊತ್ತಿಲ್ಲ.

ಸರ್ಕಾರಿ ಪಿಂಚಣಿಯಾದರೂ ಈಗ ಎಲ್ಲ ಸರ್ಕಾರಿ ನೌಕರರಿಗಿದೆಯೇ? ಅದೂ ಇಲ್ಲ. 2004ರ ಜನವರಿ 1ರಿಂದ ಕೇಂದ್ರದಲ್ಲಿ, 2006ರ ಏಪ್ರಿಲ್ 1ರಿಂದ ಕರ್ನಾಟಕದಲ್ಲಿ ಕೆಲಸಕ್ಕೆ ಸೇರಿದವರಿಗೆ ಎನ್.ಪಿ.ಎಸ್. ಎಂಬ ಹೊಸ ಪದ್ಧತಿ ಬಂತು. ಹಳೆಯದರಲ್ಲಿ ಕೊನೆಯ ಸಂಬಳದ ಅರ್ಧದಷ್ಟು, ಅದರ ಮೇಲೆ ತುಟ್ಟಿಭತ್ಯೆ, ಬದುಕಿರುವತನಕ. ನೌಕರ ಕಂತು ಕಟ್ಟಬೇಕಿರಲಿಲ್ಲ. ಹೊಸದರಲ್ಲಿ ನೌಕರ ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10 ಕಟ್ಟುತ್ತಾನೆ. ಸರ್ಕಾರ ಮೊದಲು ಅಷ್ಟೇ ಕೊಡುತ್ತಿತ್ತು, ಮುಂದೆ ಶೇ. 14ಕ್ಕೆ ಏರಿಸಿತು. ಈ ಹಣ ಷೇರು, ಸಾಲಪತ್ರಗಳ ಪೇಟೆಗೆ ಹೋಗುತ್ತದೆ. ನಿವೃತ್ತಿಯಲ್ಲಿ ಶೇ. 60ರವರೆಗೆ ಕೈಗೆ ಸಿಗುತ್ತದೆ, ಉಳಿದದ್ದರಿಂದ ವಿಮಾ ಕಂಪನಿಯಲ್ಲಿ ತಿಂಗಳ ಪಿಂಚಣಿಯನ್ನು ಕೊಳ್ಳಬೇಕು. ಎಷ್ಟು ಬರುತ್ತದೆ? ಆ ದಿನದ ಪೇಟೆ ಹೇಳಿದಷ್ಟು.

ಒಂದೇ ಶಾಲೆಯ ಒಂದೇ ಕೊಠಡಿಯಲ್ಲಿ ಕುಳಿತ ಇಬ್ಬರು ಮೇಷ್ಟರುಗಳಲ್ಲಿ 2006ರ ಮಾರ್ಚಿನಲ್ಲಿ ಸೇರಿದವರಿಗೆ ಒಂದು ಮುಪ್ಪು, ಏಪ್ರಿಲಿನಲ್ಲಿ ಸೇರಿದವರಿಗೆ ಇನ್ನೊಂದು ಮುಪ್ಪು. 2022ರ ಡಿಸೆಂಬರಿನಲ್ಲಿ ರಾಜ್ಯದ ನೌಕರರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ದಿನಗಟ್ಟಲೆ ಕುಳಿತದ್ದು ಇದಕ್ಕಾಗಿ. 2023ರ ಮಾರ್ಚ್ 1ರಂದು ರಾಜ್ಯದಾದ್ಯಂತ ಕಚೇರಿಗಳು ಮುಚ್ಚಿದವು. ಬಸವರಾಜ ಬೊಮ್ಮಾಯಿ ಅವರ ಸರ್ಕಾರ ಮೂಲವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರ ಕೊಟ್ಟು, ಹಳೆಯ ಪಿಂಚಣಿಯ ಬಗ್ಗೆ ಸಮಿತಿ ಮಾಡಿದ ಮೇಲೆ ಮುಷ್ಕರ ನಿಂತಿತು. 2024ರ ಜನವರಿಯಲ್ಲಿ ಸಿದ್ದರಾಮಯ್ಯ ಅವರ ಸರ್ಕಾರ ಒಂದು ಗುಂಪಿಗೆ ಮಾತ್ರ ಬಾಗಿಲು ತೆರೆಯಿತು. ನೇಮಕದ ಅಧಿಸೂಚನೆ 2006ರ ಏಪ್ರಿಲಿಗೆ ಮೊದಲೇ ಹೊರಟಿದ್ದು, ಆದೇಶ ಕೈಗೆ ಬರುವುದು ತಡವಾದ ಸುಮಾರು 13,000 ಮಂದಿ ಹಳೆಯ ಪದ್ಧತಿಗೆ ಮರಳಬಹುದೆಂದಿತು. ಕೇಂದ್ರ ಸರ್ಕಾರ 2025ರ ಏಪ್ರಿಲ್ 1ರಿಂದ ತನ್ನ ನೌಕರರಿಗೆ ನಡುದಾರಿಯೊಂದನ್ನು ತೆರೆದಿದೆ. ಕಂತೂ ಉಂಟು, 25 ವರ್ಷ ಸೇವೆಯಾದರೆ ಸಂಬಳದ ಅರ್ಧದಷ್ಟು ಖಚಿತ ಪಿಂಚಣಿಯೂ ಉಂಟು.

ಸರ್ಕಾರದ ವಾದವನ್ನೂ ಕೇಳಬೇಕು. ಹಳೆಯ ಪಿಂಚಣಿಗೆ ಗಂಟು ಎಂಬುದೇ ಇಲ್ಲ. ಈ ವರ್ಷದ ತೆರಿಗೆಯಿಂದ ಈ ವರ್ಷದ ನಿವೃತ್ತರಿಗೆ ಕೊಡಬೇಕು. ಜನ ಹೆಚ್ಚು ಕಾಲ ಬದುಕುತ್ತಾರೆ, ಅದು ಸಂತೋಷದ ವಿಷಯವೇ, ಆದರೆ ಹೊರೆಯೂ ಬೆಳೆಯುತ್ತದೆ. ರಾಜಸ್ಥಾನದಂಥ ರಾಜ್ಯಗಳು ಹಳೆಯದಕ್ಕೆ ಮರಳಹೊರಟಾಗ ಇದು ಮುಂದಿನ ಪೀಳಿಗೆಯ ಮೇಲೆ ಹೊರೆ ಹೇರುವ ಕೆಲಸವೆಂದು ರಿಸರ್ವ್ ಬ್ಯಾಂಕು 2023ರ ಜನವರಿಯ ವರದಿಯಲ್ಲಿ ಎಚ್ಚರಿಸಿತು. ಈ ವಾದವನ್ನು ತಳ್ಳಿಹಾಕುವಂತಿಲ್ಲ. ತೊಂದರೆ ಏನೆಂದರೆ, ಇದನ್ನು ಹೇಳುವವರು ತಮ್ಮ ವಿಷಯಕ್ಕೆ ಬಂದಾಗ ಮರೆಯುತ್ತಾರೆ. 2025ರ ಮಾರ್ಚಿನಲ್ಲಿ ರಾಜ್ಯ ವಿಧಾನಮಂಡಲ ಗದ್ದಲದ ನಡುವೆಯೇ ಮಸೂದೆ ಅಂಗೀಕರಿಸಿ ಶಾಸಕರ ಸಂಬಳವನ್ನು 40,000ದಿಂದ 80,000ಕ್ಕೂ, ಮಾಜಿಗಳ ಪಿಂಚಣಿಯನ್ನು 50,000ದಿಂದ 75,000ಕ್ಕೂ ಏರಿಸಿಕೊಂಡಿತು. ಇಲ್ಲಿ ಎನ್.ಪಿ.ಎಸ್. ಇಲ್ಲ, ಷೇರುಪೇಟೆಯ ಏರಿಳಿತವೂ ಇಲ್ಲ. ಬೊಕ್ಕಸ ಬರಿದಾಗಿದೆ ಎಂಬ ಮಾತನ್ನು ಮೇಷ್ಟರು ನಂಬದಿದ್ದರೆ ಅವರನ್ನು ದೂರಿ ಫಲವಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ಸಿರುಗುಪ್ಪಕ್ಕೆ ಬರೋಣ. ಇದು ತುಂಗಭದ್ರೆಯ ನೀರುಂಡು ಬೆಳೆದ ಊರು. ವಿಜಯನಗರದ ಕಾಲದ ಕಾಲುವೆಯೊಂದಕ್ಕೆ ಈ ಊರಿನದೇ ಹೆಸರಿದೆ. ಸುತ್ತ ಭತ್ತದ ಗದ್ದೆ, ಊರಿಗೆ ಬಂದರೆ ಅಕ್ಕಿ ಗಿರಣಿ. ನಾಟಿಗೆ ಬಗ್ಗುವ ಹೆಂಗಸರು, ಕಳೆ ಕೀಳುವವರು, ಚೀಲ ಹೊರುವ ಹಮಾಲರು, ಟ್ರ್ಯಾಕ್ಟರ್ ಓಡಿಸುವವರು ಇಲ್ಲಿನ ದುಡಿಮೆಗಾರರು. ಮೇಲೆ ಹೇಳಿದ ಪಿ.ಎಫ್., ಎನ್.ಪಿ.ಎಸ್. ಜಗಳಗಳಲ್ಲಿ ಇವರಿಗೆ ಜಾಗವಿಲ್ಲ. ಪಿ.ಎಫ್. ಕಡ್ಡಾಯವಾಗುವುದು ಸಾಮಾನ್ಯವಾಗಿ ಇಪ್ಪತ್ತು ಮಂದಿಗಿಂತ ಕಡಿಮೆಯಿಲ್ಲದೆ ಕೆಲಸಗಾರರಿರುವ ಕಡೆ. ಗದ್ದೆಗೆ ಅದು ತಾಗುವುದಿಲ್ಲ. ಸುಗ್ಗಿಗೆ ಬಂದು ಸುಗ್ಗಿ ಮುಗಿದ ಮೇಲೆ ಹೋಗುವ ಹಮಾಲನ ಹೆಸರು ಯಾವ ಹಾಜರಿ ಪುಸ್ತಕದಲ್ಲಿ ಸಿಕ್ಕೀತು? ಬಳ್ಳಾರಿಯ ಜೀನ್ಸ್ ಹೊಲಿಗೆಯದೂ ಇದೇ ಪಾಡು. ಬೆಂಗಳೂರಿನಂತೆ ಸಾವಿರಾರು ಜನರ ಕಾರ್ಖಾನೆಗಳಲ್ಲ ಅವು. ಮನೆಮನೆಯಲ್ಲಿ, ಸಣ್ಣ ಘಟಕಗಳಲ್ಲಿ ತುಂಡು ಲೆಕ್ಕದ ಕೂಲಿ. ಅದೇ ದಾರ, ಅದೇ ಸೂಜಿ. ಬೆಂಗಳೂರಿನವಳಿಗೆ ರಸ್ತೆಗಿಳಿದು ಉಳಿಸಿಕೊಳ್ಳಲು ಒಂದು ಗಂಟಾದರೂ ಇತ್ತು.

ಇವರ ಪಾಲಿಗಿರುವುದು ಅಂಚೆಯಣ್ಣ ತರುತ್ತಿದ್ದ, ಈಗ ಬ್ಯಾಂಕ್ ಖಾತೆಗೆ ಬೀಳುವ ವೃದ್ಧಾಪ್ಯ ವೇತನ. ಜನರ ಬಾಯಲ್ಲಿ ಅದು ‘ತಿಂಗಳ ಪಗಾರ’. ಕೇಂದ್ರ ಸರ್ಕಾರ ಇದನ್ನು 1995ರ ಆಗಸ್ಟ್ 15ರಂದು ತಿಂಗಳಿಗೆ 75 ರೂಪಾಯಿಯಿಂದ ಆರಂಭಿಸಿತು. ಇಂದಿರಾ ಗಾಂಧಿಯವರ ಹೆಸರಿನ ಯೋಜನೆಯಾದ 2007ರ ಹೊತ್ತಿಗೆ ಅದು 200 ರೂ. ಆಗಿತ್ತು. ಎಂಬತ್ತರ ಒಳಗಿನ ವೃದ್ಧರಿಗೆ ಕೇಂದ್ರದ ಪಾಲು ಅಂದಿನಿಂದ 200 ರೂಪಾಯಿಯಲ್ಲೇ ನಿಂತಿದೆ. ಎಂಬತ್ತು ದಾಟಿದವರಿಗೆ 500. ಉಳಿದದ್ದನ್ನು ರಾಜ್ಯ ತುಂಬುತ್ತದೆ. ರಾಜ್ಯದ ಸಂಧ್ಯಾ ಸುರಕ್ಷಾ ಯೋಜನೆ 2007ರಲ್ಲಿ 400 ರೂಪಾಯಿಯಿಂದ ಹೊರಟು, 2021ರಲ್ಲಿ 1,200ಕ್ಕೆ ಬಂದಿತು. 65 ದಾಟಿದ ಸಣ್ಣ ರೈತರು, ಕೃಷಿ ಕೂಲಿಗಳು, ನೇಕಾರರು ಮುಂತಾದವರಿಗೆ ಇದು. ಹದಿನಾಲ್ಕು ವರ್ಷಗಳಲ್ಲಿ ಮೂರು ಪಟ್ಟು ಏರಿತೆಂದು ಸರ್ಕಾರ ಹೇಳಬಹುದು. ದಿನದ ಲೆಕ್ಕದಲ್ಲಿ ಅದು ನಲವತ್ತು ರೂಪಾಯಿ. ಅನ್ನಭಾಗ್ಯದ ಅಕ್ಕಿ ಬರುತ್ತದೆ, ನಿಜ. ಬಿ.ಪಿ. ಮಾತ್ರೆ, ಮಂಡಿನೋವಿನ ಎಣ್ಣೆ, ಮೊಮ್ಮಗುವಿಗೆ ಒಂದು ಬಿಸ್ಕತ್ತು ಪೊಟ್ಟಣ ಈ ನಲವತ್ತರೊಳಗೆ ಬರಬೇಕು.

ಇದರ ಕಷ್ಟ ಮೊತ್ತದಲ್ಲಷ್ಟೇ ಇಲ್ಲ. ನಾಕರಾ ತೀರ್ಪಿನ ಬಲ ಸರ್ಕಾರಿ ನಿವೃತ್ತರಿಗುಂಟು. ಪಿ.ಎಫ್.ಗೆ ಪಾಸ್‌ಬುಕ್ ಉಂಟು, ಅದರಲ್ಲಿ ಹೆಸರುಂಟು. ಆದರೆ ವೃದ್ಧಾಪ್ಯ ವೇತನ ಪಡೆಯುವವರು ಸರ್ಕಾರದ ಕಡತದಲ್ಲಿ ‘ಫಲಾನುಭವಿ’ಗಳು. ಆಧಾರ್ ಜೋಡಣೆ ತಪ್ಪಿದರೆ, ವಯಸ್ಸಿನ ದಾಖಲೆ ಹೊಂದದಿದ್ದರೆ, ವರಮಾನ ಹೆಚ್ಚೆಂದು ಯಾರೋ ಬರೆದರೆ ಹಣ ನಿಲ್ಲುತ್ತದೆ. ಆಗ ತಾಲ್ಲೂಕು ಕಚೇರಿಗೂ ನಾಡಕಚೇರಿಗೂ ಅಲೆಯಬೇಕು. ಐವತ್ತು ವರ್ಷ ಗದ್ದೆಯಲ್ಲಿ ದುಡಿದದ್ದು ಅರ್ಜಿಯ ಯಾವ ಕಾಲಮಿನಲ್ಲೂ ಬರುವುದಿಲ್ಲ. 1871ರ ಕಾಯಿದೆಯ ನೆರಳು ಈ ಮೆಟ್ಟಿಲುಗಳಿಂದ ಇನ್ನೂ ಸರಿದಿಲ್ಲವೇನೋ ಎನಿಸುತ್ತದೆ.

ಇತ್ತ ಪಿ.ಎಫ್.ನ ಹಳೆಯ ಜಗಳ ಮತ್ತೆ ತಲೆಯೆತ್ತಿದೆ. 2025ರ ಅಕ್ಟೋಬರ್ 13ರಂದು ಸೇರಿದ ಪಿ.ಎಫ್. ಕೇಂದ್ರ ಮಂಡಳಿ ಕೆಲಸದಲ್ಲಿರುವಾಗಲೇ ಹಣ ತೆಗೆಯುವ ನಿಯಮಗಳನ್ನು ಸಡಿಲಿಸಲು ತೀರ್ಮಾನಿಸಿತು. ಜೊತೆಗೆ ನಾಲ್ಕನೇ ಒಂದು ಭಾಗ ಖಾತೆಯಲ್ಲಿ ಉಳಿಯಲೇಬೇಕೆಂದೂ, ಕೆಲಸ ಹೋದವರು ಪೂರ್ತಿ ಲೆಕ್ಕ ಚುಕ್ತಾ ಮಾಡಿಕೊಳ್ಳಲು ಎರಡು ತಿಂಗಳ ಬದಲು ಹನ್ನೆರಡು ತಿಂಗಳು, ಪಿಂಚಣಿಯ ಗಂಟಿಗೆ ಮೂವತ್ತಾರು ತಿಂಗಳು ಕಾಯಬೇಕೆಂದೂ ಹೇಳಿತು. ಮುಪ್ಪಿಗೆ ನಾಲ್ಕು ಕಾಸು ಉಳಿಯಲಿ ಎಂಬುದೇ ಈ ಬಾರಿಯೂ ಕೊಟ್ಟ ಕಾರಣ. ಕೆಲಸ ಕಳೆದುಕೊಂಡವರು ಆ ಹನ್ನೆರಡು ತಿಂಗಳು ಏನು ತಿನ್ನಬೇಕೆಂಬ ಪ್ರಶ್ನೆಯೂ ಈ ಬಾರಿ ಕೇಳಿಬಂತು. ಕೇಳಿದವರಲ್ಲಿ ಹೆಚ್ಚಿನವರು ಮೊಬೈಲಿನಲ್ಲಿ ಕೇಳಿದರು, ಹೊಸೂರು ರಸ್ತೆಯಲ್ಲಿ ವಾಹನಗಳು ಎಂದಿನಂತೆ ಓಡಿದವು.